ಬೀ ಬಾಮ್ ಗಿಡ ಸೊರಗಿದೆಯಾ? ಎಲೆ ನೋಡುವ ಮೊದಲು ಬುಡ ನೋಡಿ

ಮೊದಲ ವರ್ಷ ನೆಟ್ಟಿರಿ. ಎರಡನೇ ವರ್ಷ ಪೊದೆ ತುಂಬಾ ಹೂವು, ಹೂವಿನ ತುಂಬಾ ಜೇನ್ನೊಣ. ಮೂರನೇ ವರ್ಷ ನೋಡಿದರೆ ಎಲೆಗಳ ಮೇಲೆ ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಪುಡಿ. ಕೆಳಗಿನ ಎಲೆ ಉದುರಿ ಕಾಂಡ ಬೋಳು. ಪೊದೆಯ ನಟ್ಟನಡುವೆ ಬರಿ ನೆಲ.

ಬೀ ಬಾಮ್ ಬೆಳೆಸಿದ ತುಂಬಾ ಜನ ಈ ಮೂರನೇ ವರ್ಷವನ್ನು ನೋಡಿರುತ್ತಾರೆ. ನಾನೂ ನೋಡಿದ್ದೇನೆ. ಎರಡು ಬೇಸಿಗೆ ಎಲೆಗೆ ಔಷಧಿ ಹೊಡೆಯುತ್ತಲೇ ಕಳೆದೆ. ಆಮೇಲೆ ಬೇಜಾರಾಗಿ, ಕಿತ್ತು ಎಸೆಯೋಣ ಅಂತ ಸನಿಕೆ ಹಾಕಿ ಪೊದೆ ಎತ್ತಿದೆ. ಬೇರುಗಳು ಚಾಪೆ ಹೆಣೆದ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಮಧ್ಯದ ಬೇರೆಲ್ಲ ಕಟ್ಟಿಗೆಯಾಗಿತ್ತು. ಮೇಲೆ ನೀರು ಹಾಕಿದ್ದರೂ ಒಳಗಿನ ಮಣ್ಣು ಒಣಗಿ ಪುಡಿಪುಡಿ. ರೋಗ ಕಂಡದ್ದು ಎಲೆಯಲ್ಲಿ, ಹುಟ್ಟಿದ್ದು ಇಲ್ಲಿ. ಎಸೆಯುವ ಬದಲು ಅಂಚಿನ ಒಂದಿಷ್ಟು ತುಂಡುಗಳನ್ನು ಬೇರೆ ಕಡೆ ನೆಟ್ಟೆ. ಮುಂದಿನ ವರ್ಷ ಔಷಧಿಯ ಡಬ್ಬಿ ತೆಗೆಯಲೇ ಇಲ್ಲ.

ಅದಕ್ಕೇ ಈ ಕೈಪಿಡಿ ಬುಡದಿಂದ ಶುರುವಾಗುತ್ತದೆ.

ಮೊದಲು, ಇದು ಬೀ ಬಾಮ್ ಹೌದಾ?

ತಮಾಷೆಗೆ ಕೇಳುತ್ತಿಲ್ಲ. "ಎಷ್ಟು ವರ್ಷವಾದರೂ ದೊಡ್ಡ ಹೂವೇ ಬಿಡಲಿಲ್ಲ" ಎಂಬ ದೂರಿನ ಹಿಂದೆ ಕೆಲವು ಸಲ ಗಿಡವೇ ಬೇರೆಯಾಗಿರುತ್ತದೆ. ಲೆಮನ್ ಬಾಮ್ ಎಂಬ ಇನ್ನೊಂದು ಗಿಡವನ್ನೂ ಕೆಲವರು ಬೀ ಬಾಮ್ ಅಂತಲೇ ಕರೆಯುತ್ತಾರೆ. ಅದರ ಕುಲದ ಹೆಸರು ಮೆಲಿಸ್ಸಾ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಜೇನ್ನೊಣ, ಇಂಗ್ಲಿಷಿನ 'ಬೀ'. ಗೊಂದಲ ಆಗದೇ ಇರುತ್ತಾ? ಎಲೆ ಉಜ್ಜಿದಾಗ ಬರಿ ನಿಂಬೆ ವಾಸನೆ ಬಂದು, ಎಲೆಯ ಕಂಕುಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿಳಿ ಹೂವು ಬಿಟ್ಟರೆ ಅದು ಲೆಮನ್ ಬಾಮ್. ಅದರಲ್ಲಿ ಕೆಂಪು ಹೂವಿಗಾಗಿ ಕಾಯುವುದು ದಂಡ.

ನಾವು ಮಾತಾಡುತ್ತಿರುವ ಬೀ ಬಾಮ್ ಮೊನಾರ್ಡಾ ಕುಲದ್ದು. ತವರು ಉತ್ತರ ಅಮೆರಿಕ. 16ನೇ ಶತಮಾನದ ಸ್ಪೇನ್ ವೈದ್ಯ ನಿಕೊಲಾಸ್ ಮೊನಾರ್ಡೆಸ್ ನೆನಪಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಅದು. ಮೊನಾರ್ಡೆಸ್ ಅಮೆರಿಕದ ಗಿಡಮೂಲಿಕೆಗಳ ಬಗ್ಗೆ ಪುಸ್ತಕ ಬರೆದ, ಆದರೆ ಅಮೆರಿಕಕ್ಕೆ ಕಾಲಿಟ್ಟವನೇ ಅಲ್ಲ. ಗಿಡ ಪುದೀನ, ತುಳಸಿಗಳ ಬಳಗದ್ದು. ಕಾಂಡ ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ, ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಹೂವು ಕಾಂಡದ ತುದಿಯಲ್ಲಿ, ಕೆದರಿದ ತಲೆಗೂದಲಿನ ಹಾಗೆ.

ಇದರಲ್ಲಿ ಯಾವ ಜಾತಿ ಎಂಬುದನ್ನೂ ಗೊತ್ತು ಮಾಡಿಕೊಳ್ಳಿ. ಮುಂದಿನ ಅರ್ಧ ಉತ್ತರ ಅದರಲ್ಲೇ ಇದೆ. ಕೆಂಪು ಹೂವಿನ ಮೊನಾರ್ಡಾ ಡಿಡಿಮಾ ಹೊಳೆದಂಡೆಯ, ತೇವದ ಕಾಡಿನಂಚಿನ ಗಿಡ. ಬುಡ ಒಣಗುವುದನ್ನು ಸಹಿಸುವುದಿಲ್ಲ. ತಿಳಿ ನೇರಳೆ ಹೂವಿನ ಮೊನಾರ್ಡಾ ಫಿಸ್ಟುಲೋಸಾ ಒಣ ಹುಲ್ಲುಗಾವಲಿನದು. ಸ್ವಲ್ಪ ನೀರು ಕಡಿಮೆಯಾದರೂ ತಡೆದುಕೊಳ್ಳುತ್ತದೆ. ಎರಡಕ್ಕೂ ಅಂಗಡಿಯ ಚೀಟಿಯಲ್ಲಿ ಒಂದೇ ಹೆಸರಿರುತ್ತದೆ, ಒಂದೇ ಜಾಗದಲ್ಲಿ ನೆಡುತ್ತೇವೆ. ಒಂದು ಬದುಕುತ್ತದೆ, ಇನ್ನೊಂದು ಸೊರಗುತ್ತದೆ. ಆಮೇಲೆ ಮಣ್ಣನ್ನು ಬೈಯುತ್ತೇವೆ.

ಐದು ನಿಮಿಷದ ತಪಾಸಣೆ

ಬೆಳಿಗ್ಗೆ ಮಾಡಿ. ಮಧ್ಯಾಹ್ನದ ಬಿಸಿಲಲ್ಲಿ ಎಲ್ಲ ಗಿಡಗಳೂ ರೋಗಿಷ್ಟರಂತೆ ಕಾಣುತ್ತವೆ.

ಪೊದೆಯನ್ನು ಎರಡು ಕೈಯಲ್ಲಿ ಬಗೆದು ಒಳಗೆ ನೋಡಿ. ನೆಲ ಕಾಣುತ್ತದಾ, ಇಲ್ಲ ಕಾಂಡಗಳೇ ಗಿಜಿಗುಟ್ಟುತ್ತಿವೆಯಾ? ಆಮೇಲೆ ತೋರುಬೆರಳನ್ನು ಬುಡದ ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ. ಮೇಲ್ಮಣ್ಣು ಸುಳ್ಳು ಹೇಳುತ್ತದೆ. ಒಳಗೆ ಒಣಗಿದೆಯಾ, ತಂಪಾಗಿದೆಯಾ, ಕೆಸರಾಗಿದೆಯಾ? ಕೊನೆಗೆ ಆ ಜಾಗಕ್ಕೆ ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಅಂತ ಲೆಕ್ಕ ಹಾಕಿ. ಅಂದಾಜಿಗೆ ಬಿಡಬೇಡಿ, ಒಂದು ರಜೆಯ ದಿನ ಗಡಿಯಾರ ನೋಡಿ ಬರೆದಿಡಿ. ಪಕ್ಕದ ಮರ ಮೂರು ವರ್ಷದಲ್ಲಿ ಎಷ್ಟು ಬೆಳೆದಿದೆ ಎಂಬುದು ನಮ್ಮ ಗಮನಕ್ಕೇ ಬಂದಿರುವುದಿಲ್ಲ.

ಇಷ್ಟಾದ ಮೇಲೆ ಎಲೆ ತಿರುವಿ ನೋಡಿ, ಮೇಲೂ ಕೆಳಗೂ.

ಎಲೆ ಮೇಲೆ ಬಿಳಿ ಪುಡಿ

ಇದು ಬೂದಿ ರೋಗ. ಬೆರಳಲ್ಲಿ ಉಜ್ಜಿದರೆ ಸ್ವಲ್ಪ ಅಳಿಸಿ ಬರುತ್ತದೆ. ಮೊದಲು ಕೆಳಗಿನ ಹಳೆ ಎಲೆಗಳ ಮೇಲೆ ಸಣ್ಣ ಚುಕ್ಕೆ, ಆಮೇಲೆ ಪೂರ್ತಿ ಎಲೆ, ಆಮೇಲೆ ಕಾಂಡ. ಹೂವು ಬಿಡುವ ಹೊತ್ತಿಗೆ, ಇಲ್ಲವೇ ಹೂವು ಮುಗಿಯುತ್ತಿದ್ದಂತೆ ಜಾಸ್ತಿ.

ಹೆಚ್ಚಿನ ಶಿಲೀಂಧ್ರಗಳಿಗೆ ಎಲೆ ಒದ್ದೆಯಾಗಿದ್ದರೆ ಅನುಕೂಲ. ಬೂದಿ ರೋಗದ್ದು ಬೇರೆ ಸ್ವಭಾವ. ಇದರ ಬೀಜಾಣು ಮೊಳೆಯಲು ಎಲೆ ಮೇಲೆ ನೀರೇ ಬೇಕಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಸಾಕು. ಹಗಲು ಬೆಚ್ಚಗೆ, ರಾತ್ರಿ ತಂಪು, ಗಾಳಿ ಆಡದ ಇಕ್ಕಟ್ಟು ಪೊದೆ, ನೀರಿಲ್ಲದೆ ಬಳಲಿದ ಬೇರು. ಇವು ಒಟ್ಟಿಗೆ ಸೇರಿದರೆ ಮುಗಿಯಿತು. ಅಂದರೆ ಮಳೆ ಇಲ್ಲದ ವರ್ಷದಲ್ಲೂ ಬೂದಿ ಬರುತ್ತದೆ. "ನೀರೇ ಹಾಕಿಲ್ಲ, ಆದರೂ ಬೂಷ್ಟು ಬಂತು" ಎನ್ನುವವರಿದ್ದಾರೆ. ನೀರು ಹಾಕದ್ದಕ್ಕೇ ಬಂದಿರುತ್ತದೆ.

ಒಳಗೆ ಇಕ್ಕಟ್ಟಾಗಿದ್ದರೆ ಈಗಲೇ ಕತ್ತರಿ ಹಿಡಿಯಿರಿ. ಮೂರು ಕಾಂಡಕ್ಕೆ ಒಂದರಂತೆ ನೆಲಮಟ್ಟಕ್ಕೆ ಕತ್ತರಿಸಿ ತೆಗೆಯಿರಿ. ಸಣಕಲಾದವು, ಒಳಗೆ ನೆರಳಲ್ಲಿ ಸಿಕ್ಕಿಕೊಂಡವು ಮೊದಲು ಹೋಗಲಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಈ ಕೆಲಸವನ್ನು ವಸಂತದಲ್ಲಿ ಚಿಗುರು ಗೇಣುದ್ದ ಇರುವಾಗಲೇ ಮಾಡಿದರೆ ಗಿಡಕ್ಕೆ ಗೊತ್ತೇ ಆಗುವುದಿಲ್ಲ. ಬುಡ ಒಣಗಿದ್ದರೆ ನಿಧಾನವಾಗಿ, ಬುಡಕ್ಕೇ, ಆಳಕ್ಕೆ ಇಳಿಯುವಂತೆ ನೀರು ಕೊಡಿ. ಮಳೆಯೂ ಸೇರಿ ವಾರಕ್ಕೆ ಎರಡೂವರೆ ಸೆಂಟಿಮೀಟರ್ ನೀರು ಅಂತ ಲೆಕ್ಕ ಇಟ್ಟುಕೊಳ್ಳಿ. ಸೆಖೆ ಜಾಸ್ತಿಯಾದರೆ ಇನ್ನಷ್ಟು. ಮೇಲೆ ಒಣ ಎಲೆ ಅಥವಾ ಕಾಂಪೋಸ್ಟಿನ ಹೊದಿಕೆ ಹಾಕಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು.

ಇನ್ನು ಸಿಂಪಡಣೆ. ಬಿಳಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳಿ. ಔಷಧಿ ಹೊಸ ಎಲೆಗಳನ್ನು ಕಾಯುತ್ತದೆ ಅಷ್ಟೇ. ಹಾಗಾಗಿ ಮೊದಲ ಚುಕ್ಕೆ ಕಂಡ ದಿನ ಹೊಡೆದರೆ ಪ್ರಯೋಜನ, ಪೊದೆಯೆಲ್ಲ ಬೆಳ್ಳಗಾದ ಮೇಲೆ ಸುಮ್ನೆ ಖರ್ಚು. ಪೊಟ್ಯಾಸಿಯಂ ಬೈಕಾರ್ಬೊನೇಟ್, ನೀರಲ್ಲಿ ಕರಗುವ ಗಂಧಕ, ಬೇವಿನೆಣ್ಣೆ, ಇವುಗಳಲ್ಲಿ ಯಾವುದಾದರೂ ಒಂದು. ಗಂಧಕವನ್ನೂ ಎಣ್ಣೆಯನ್ನೂ ಬೆರೆಸಬೇಡಿ. ಒಂದನ್ನು ಹೊಡೆದ ಎರಡು ವಾರದೊಳಗೆ ಇನ್ನೊಂದನ್ನು ಹೊಡೆದರೂ ಎಲೆ ಸುಡುತ್ತದೆ. ಬಿಸಿಲು 30 ಡಿಗ್ರಿ ದಾಟಿದ ದಿನಗಳಲ್ಲಿ ಎರಡೂ ಬೇಡ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಹೊಡೆಯುವವರೂ ಇದ್ದಾರೆ. ರೋಗ ಬರುವ ಮೊದಲು ಹೊಡೆದರೆ ಸ್ವಲ್ಪ ತಡೆಯುತ್ತದೆ. ಅಡುಗೆ ಸೋಡಾ ಮಾತ್ರ ಪದೇ ಪದೇ ಬೇಡ, ಅದರಲ್ಲಿರುವ ಸೋಡಿಯಂ ಮಣ್ಣಿನಲ್ಲಿ ಕೂರುತ್ತದೆ.

ಗಿಡದ ಹೆಸರಲ್ಲೇ ಬೀ ಇದೆ, ಅಲ್ವಾ? ಹೂವು ಅರಳಿದ ಮೇಲೆ ಏನನ್ನೂ ಹೊಡೆಯದಿರುವುದೇ ಒಳ್ಳೆಯದು. ತೀರಾ ಬೇಕೆಂದರೆ ಜೇನ್ನೊಣ ಮನೆ ಸೇರಿದ ಮೇಲೆ, ಸಂಜೆ ಹೊತ್ತು, ಕೆಳಗಿನ ಎಲೆಗಳಿಗೆ ಮಾತ್ರ.

ಪಕ್ಕದ ಗುಲಾಬಿಗೂ ಹರಡುತ್ತದೆ ಎಂಬ ಭಯ ಬೇಡ. ಗುಲಾಬಿಯ ಬೂದಿ ತರುವ ಶಿಲೀಂಧ್ರ ಬೇರೆ, ಇದರದ್ದು ಬೇರೆ. ಹೂವು ಮುಗಿದ ಮೇಲೂ ಪೊದೆ ಅಸಹ್ಯವಾಗಿದ್ದರೆ ಬುಡದಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ನೀರು ಕೊಡಿ. ಹೊಸ ಚಿಗುರು ಸ್ವಚ್ಛವಾಗಿ ಬರುತ್ತದೆ. ಬೂದಿ ರೋಗದಿಂದ ಈ ಗಿಡ ಸಾಯುವುದು ಅಪರೂಪ, ನೋಡಲು ಆಗುವುದಿಲ್ಲ ಅಷ್ಟೇ.

ಪ್ರತಿ ವರ್ಷ ಇದೇ ರಾಮಾಯಣವಾದರೆ ತಳಿ ಬದಲಿಸಿ. 'ಕೇಂಬ್ರಿಡ್ಜ್ ಸ್ಕಾರ್ಲೆಟ್' ಚೆಂದದ ಹಳೆ ತಳಿ, ಆದರೆ ಬೂದಿಗೆ ಬೇಗ ಬಲಿಯಾಗುತ್ತದೆ. 'ಜೇಕಬ್ ಕ್ಲೈನ್', 'ರಾಸ್ಪ್‌ಬೆರಿ ವೈನ್', ಕೆನಡಾದಲ್ಲಿ ಬೆಳೆಸಿದ 'ಮಾರ್ಷಲ್ಸ್ ಡಿಲೈಟ್' ಇವು ಚೆನ್ನಾಗಿ ತಡೆದುಕೊಳ್ಳುತ್ತವೆ. ತಡೆದುಕೊಳ್ಳುತ್ತವೆ ಎಂದರೆ ಬರುವುದೇ ಇಲ್ಲ ಎಂದಲ್ಲ. ಒಣ ಬುಡದಲ್ಲಿ ಇಕ್ಕಟ್ಟಾಗಿ ನೆಟ್ಟರೆ ಅವೂ ಬಿಳಿಯಾಗುತ್ತವೆ.

ಪೊದೆಯ ನಡುವೆ ಬೋಳು

ಇದು ರೋಗವೇ ಅಲ್ಲ, ವಯಸ್ಸು. ಬೀ ಬಾಮ್ ನೆಲದಡಿ ಮೇಲ್ಮೇಲೆಯೇ ಹರಿಯುವ ಕಾಂಡಗಳಿಂದ ಹೊರಗೆ ಹೊರಗೆ ಹೋಗುತ್ತದೆ. ಹೊಸ ಮಣ್ಣು, ಹೊಸ ನೀರು ಹುಡುಕಿಕೊಂಡು ಅಂಚಿನಲ್ಲಿ ಚಿಗುರುತ್ತದೆ. ಹಿಂದೆ ಉಳಿದ ನಡುಭಾಗ ಮುದಿಯಾಗಿ ಸಾಯುತ್ತದೆ. ಬಹುವಾರ್ಷಿಕ ಅಂದರೆ ಒಮ್ಮೆ ನೆಟ್ಟು ಮರೆತುಬಿಡಬಹುದು ಅಂದುಕೊಳ್ಳುತ್ತೇವೆ. ಈ ಗಿಡ ಹಾಗಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಬೇರ್ಪಡಿಸಿ ನೆಟ್ಟರೆ ಮಾತ್ರ ಬಹುವಾರ್ಷಿಕ.

ಸರಿಯಾದ ಹೊತ್ತು ವಸಂತದ ಆರಂಭ, ಚಿಗುರು ಐದರಿಂದ ಹತ್ತು ಸೆಂಟಿಮೀಟರ್ ಇರುವಾಗ. ಹಿಂದಿನ ದಿನ ನೀರು ಹಾಕಿ ಮಣ್ಣು ಮೆತ್ತಗೆ ಮಾಡಿಡಿ. ಪೊದೆಯ ಸುತ್ತ ಸನಿಕೆ ಹಾಕಿ ಇಡಿಯಾಗಿ ಎತ್ತಿ. ಬೇರು ಆಳಕ್ಕೆ ಇಳಿದಿರುವುದಿಲ್ಲ, ಸುಲಭವಾಗಿ ಏಳುತ್ತದೆ. ಅಂಚಿನಿಂದ ಮೂರರಿಂದ ಐದು ಚಿಗುರು ಇರುವ, ಬಿಳಿ ಬೇರಿನ ತುಂಡುಗಳನ್ನು ಬಿಡಿಸಿ. ಕೈಯಲ್ಲಿ ಬರದಿದ್ದರೆ ಹಳೆ ಚಾಕುವಿನಿಂದ ಕತ್ತರಿಸಿ. ಕಟ್ಟಿಗೆಯಾದ ನಡುಭಾಗ ಕಾಂಪೋಸ್ಟ್ ಗುಂಡಿಗೆ. ಅದರಲ್ಲೂ ಒಂದೆರಡು ಚಿಗುರು ಇದೆಯಲ್ಲ ಅಂತ ಮರುಕಪಟ್ಟು ನಾನು ನೆಟ್ಟಿದ್ದೆ. ವರ್ಷ ಪೂರ್ತಿ ನಿಂತಲ್ಲೇ ನಿಂತಿತ್ತು.

ಹಳೆ ಜಾಗದಲ್ಲೇ ನೆಡುವುದಾದರೆ ಒಂದು ಬುಟ್ಟಿ ಕಾಂಪೋಸ್ಟ್ ಬೆರೆಸಿ. ಗಿಡದಿಂದ ಗಿಡಕ್ಕೆ 45ರಿಂದ 60 ಸೆಂಟಿಮೀಟರ್. ನೆಟ್ಟ ದಿನ ವಿಪರೀತ ಖಾಲಿ ಖಾಲಿ ಕಾಣುತ್ತದೆ. ಆ ಖಾಲಿ ಜಾಗಕ್ಕೆ ಇನ್ನೊಂದು ತುಂಡು ತುರುಕುವ ಆಸೆಯಿಂದಲೇ ಮುಂದಿನ ಬೂದಿ ರೋಗ ಶುರುವಾಗುತ್ತದೆ.

ಗಿಡ ಎತ್ತರ, ಹೂವು ಇಲ್ಲ

ಬಿಸಿಲಿನ ಲೆಕ್ಕ ಬರೆದಿಟ್ಟಿರಲ್ಲ, ಅದನ್ನು ತೆಗೆಯಿರಿ. ಆರು ಗಂಟೆಗಿಂತ ಕಡಿಮೆ ಇದ್ದರೆ ಕಾರಣ ಅದೇ. ತುಂಬಾ ಸೆಖೆಯ ಜಾಗದಲ್ಲಿ ಮಧ್ಯಾಹ್ನದ ನೆರಳು ಒಳ್ಳೆಯದೇ, ಆದರೆ ಬೆಳಗಿನ ಬಿಸಿಲು ಪೂರ್ತಿ ಸಿಗಬೇಕು.

ಬಿಸಿಲು ಸಾಕಷ್ಟಿದ್ದು, ಎಲೆ ಕಡು ಹಸಿರಾಗಿ ದೊಡ್ಡದಾಗಿ, ಕಾಂಡ ರಸತುಂಬಿ ಮೆತ್ತಗಿದ್ದರೆ ಗೊಬ್ಬರ ಜಾಸ್ತಿಯಾಗಿದೆ. ಯೂರಿಯಾದಂಥ ಸಾರಜನಕದ ಗೊಬ್ಬರ ಎಲೆಯನ್ನು ಕೊಬ್ಬಿಸುತ್ತದೆ, ಹೂವನ್ನು ಮುಂದೂಡುತ್ತದೆ. ಅಂಥ ಮೆತ್ತನೆ ಎಲೆ ಬೂದಿ ರೋಗಕ್ಕೂ ಹಬ್ಬದೂಟ. ಪಕ್ಕದ ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಇಲ್ಲಿಗೆ ಹರಿದು ಬರುತ್ತಿದೆಯಾ ಅಂತಲೂ ನೋಡಿ. ಈ ಗಿಡಕ್ಕೆ ವರ್ಷಕ್ಕೊಮ್ಮೆ ಒಂದೆರಡು ಬೊಗಸೆ ಕಾಂಪೋಸ್ಟ್ ಸಾಕು.

ಬೀಜದಿಂದ ಬೆಳೆಸಿದ ಗಿಡ ಸಾಮಾನ್ಯವಾಗಿ ಮೊದಲ ವರ್ಷ ಬೇರು ಬಿಡುವುದರಲ್ಲೇ ಇರುತ್ತದೆ, ಎರಡನೇ ವರ್ಷ ಹೂವು. ಕಾಯಿರಿ. ಕುಡಿ ಚಿವುಟಿದ್ದೀರಾ? ಮೊಗ್ಗು ಕೂಡುವ ಹೊತ್ತಿಗೆ ಚಿವುಟಿದರೆ ಆ ವರ್ಷದ ಹೂವನ್ನೇ ಚಿವುಟಿದ ಹಾಗೆ.

ಗಿಡ ಮಗುಚಿ ಬೀಳುವುದಕ್ಕೂ ಕಾರಣಗಳು ಇವೇ: ನೆರಳು ಮತ್ತು ಗೊಬ್ಬರ. ಈ ವರ್ಷಕ್ಕೆ ಸುತ್ತ ನಾಲ್ಕು ಕೋಲು ನೆಟ್ಟು ದಾರ ಕಟ್ಟಿ. ಮುಂದಿನ ವರ್ಷ ವಸಂತದ ಕೊನೆಯಲ್ಲಿ, ಮೊಗ್ಗಿನ ಸುಳಿವಿಲ್ಲದಿರುವಾಗ, ಮೂರನೇ ಒಂದು ಭಾಗ ಕತ್ತರಿಸಿಬಿಡಿ. ಹೂವು ಒಂದೆರಡು ವಾರ ತಡವಾಗುತ್ತದೆ, ಗಿಡ ಗಿಡ್ಡವಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಪೊದೆಯ ಮುಂದಿನ ಅರ್ಧ ಮಾತ್ರ ಕತ್ತರಿಸಿದರೆ ಹಿಂದಿನದು ಮುಗಿಯುವಷ್ಟರಲ್ಲಿ ಮುಂದಿನದು ಅರಳುತ್ತದೆ.

ಚುಕ್ಕೆ, ತುಕ್ಕು, ನುಸಿ

ಎಲೆ ಮೇಲೆ ಚುಕ್ಕೆ ಕಂಡ ಕೂಡಲೇ ಶಿಲೀಂಧ್ರ ಎಂದು ತೀರ್ಮಾನಿಸಬೇಡಿ. ಚುಕ್ಕೆಗಳ ಅಳತೆ ನೋಡಿ. ಶಿಲೀಂಧ್ರದ ಚುಕ್ಕೆಗಳು ಒಂದು ಚಿಕ್ಕದು, ಒಂದು ದೊಡ್ಡದು, ದಿನ ಕಳೆದಂತೆ ಬೆಳೆಯುತ್ತವೆ. ಎಲ್ಲವೂ ಒಂದೇ ಅಳತೆಯ, ಗುಂಡಗಿನ, ಒಳಗೆ ಕುಸಿದ ಕಪ್ಪು ಚುಕ್ಕೆಗಳಾದರೆ ಅದು ರಸ ಹೀರುವ ತಿಗಣೆಯ ಕೆಲಸ. ಉತ್ತರ ಅಮೆರಿಕದ ತೋಟಗಳಲ್ಲಿ ಬೇಸಿಗೆ ಶುರುವಾಗುವಾಗ ಹಳದಿ ಹಸಿರು ಬೆನ್ನಿನ ಮೇಲೆ ನಾಲ್ಕು ಕಪ್ಪು ಗೆರೆ ಇರುವ ತಿಗಣೆಯೊಂದು ಬರುತ್ತದೆ. ಪುದೀನ ಬಳಗ ಅಂದರೆ ಅದಕ್ಕೆ ಪ್ರಾಣ. ಹತ್ತಿರ ಹೋದರೆ ಎಲೆ ಅಡಿಗೆ ಜಾರಿಕೊಳ್ಳುತ್ತದೆ, ಹಾಗಾಗಿ ಕಳ್ಳ ಸಿಗುವುದಿಲ್ಲ, ಶಿಲೀಂಧ್ರನಾಶಕ ಹೊಡೆಯುತ್ತಾ ಕೂರುತ್ತೇವೆ. ಅದು ವರ್ಷಕ್ಕೆ ಒಂದೇ ತಲೆಮಾರು. ಕೆಲವು ವಾರ ತಿಂದು ಹೋಗುತ್ತದೆ, ಗಿಡ ಚೇತರಿಸಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ಸೋಪಿನ ನೀರಿನ ಡಬ್ಬಿಗೆ ಉದುರಿಸಿದರೆ ಸಾಕು.

ಎಲೆಯಡಿ ಕಿತ್ತಳೆ ಕಂದು ಬಣ್ಣದ ಪುಡಿ ಗುಳ್ಳೆಗಳಿದ್ದರೆ ತುಕ್ಕು ರೋಗ. ಪುದೀನಕ್ಕೆ ಬರುವ ತುಕ್ಕಿನ ಶಿಲೀಂಧ್ರವೇ ಇದಕ್ಕೂ ಬರುತ್ತದೆ. ಹಾಗಾಗಿ ಪಕ್ಕದಲ್ಲಿ ಪುದೀನ ಇದ್ದರೆ ಅದನ್ನೂ ತಿರುವಿ ನೋಡಿ. ತುಕ್ಕು ಹಿಡಿದ ಕಾಂಡಗಳನ್ನು ಬುಡಕ್ಕೆ ಕತ್ತರಿಸಿ ತೋಟದಿಂದ ಹೊರಗೆ ಹಾಕಿ, ಕಾಂಪೋಸ್ಟಿಗೆ ಬೇಡ. ತುಕ್ಕಿಗೆ ಎಲೆ ಒದ್ದೆಯಾಗಿರಬೇಕು, ಆದ್ದರಿಂದ ತಲೆ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ.

ಎಲೆ ಮಂಕಾಗಿ, ಸೂಜಿಮೊನೆಯಷ್ಟು ಬಿಳಿ ಚುಕ್ಕೆ ತುಂಬಿದ್ದರೆ ಎಲೆಯಡಿ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಧೂಳು ನಡೆದಾಡಿದರೆ ಅದು ನುಸಿ. ಒಣ ಸೆಖೆಯಲ್ಲಿ ಬರುತ್ತದೆ. ಪೈಪಿನಿಂದ ಎಲೆಯಡಿಗೆ ಜೋರಾಗಿ ನೀರು ಹೊಡೆಯಿರಿ, ಮೂರು ದಿನಕ್ಕೊಮ್ಮೆ, ಎರಡು ವಾರ.

ಬಾಡುವುದರಲ್ಲೂ ಬಗೆ ಇದೆ

ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಂತರೆ ಬರೀ ಬಾಯಾರಿಕೆ. ಬೆಳಿಗ್ಗೆಯೂ ಬಾಡಿದ್ದು, ಬೆರಳು ಇಳಿಸಿದರೆ ಮಣ್ಣು ಕೆಸರಾಗಿದ್ದರೆ ಬೇರು ಕೊಳೆಯುತ್ತಿದೆ. ಆಗ ಇನ್ನೊಂದು ಕೊಡ ನೀರು ಹಾಕಿದರೆ ಅದೇ ಕೊನೆ. ಎತ್ತಿ, ಕಪ್ಪಾದ ಬೇರು ಕತ್ತರಿಸಿ, ನೀರು ಬಸಿಯುವ ಏರು ಜಾಗಕ್ಕೆ ಹಾಕಿ. ಇಡೀ ಪೊದೆ ಚೆನ್ನಾಗಿದ್ದು ಒಂದೇ ಒಂದು ಕಾಂಡ ಜೋತುಬಿದ್ದಿದ್ದರೆ ಅದರಲ್ಲಿ ತೂತು ಹುಡುಕಿ. ಪಕ್ಕದಲ್ಲಿ ಹೊಟ್ಟಿನಂಥ ಹಿಕ್ಕೆ ಇರುತ್ತದೆ. ಕಾಂಡ ಕೊರೆಯುವ ಹುಳು. ತೂತಿನ ಕೆಳಗೆ ಕತ್ತರಿಸಿ, ಸೀಳಿ, ಹುಳು ತೆಗೆಯಿರಿ. ಮೇಲೆ ಏನು ಹೊಡೆದರೂ ಒಳಗಿರುವ ಹುಳುವಿಗೆ ತಾಗುವುದಿಲ್ಲ.

ದೋಷವಲ್ಲದ ದೋಷಗಳು

ಹೂವಿನ ನಡುವೆ ಬೋಳಾಗಿ ಸುತ್ತ ಮಾತ್ರ ಎಸಳು ಉಳಿದಿದೆಯಾ? ಒಂದು ತಲೆಯಲ್ಲಿ ಹತ್ತಾರು ಪುಟ್ಟ ಹೂವು, ನಡುವಿನವು ಮೊದಲು ಅರಳಿ ಮೊದಲು ಉದುರುತ್ತವೆ. ಅದು ಹಾಗೆಯೇ. ಹೂವಿನ ಕೊಳವೆಯ ಬುಡದಲ್ಲಿ ಸಣ್ಣ ಸೀಳು ಇದೆಯಾ? ನಾಲಿಗೆ ಮೋಟಾದ ಜೇನ್ನೊಣವೋ ಕಣಜವೋ ಬಾಗಿಲು ಬಿಟ್ಟು ಗೋಡೆ ಕೊರೆದು ಮಕರಂದ ಕದ್ದಿದೆ. ಗಿಡಕ್ಕೇನೂ ನಷ್ಟವಿಲ್ಲ.

ಕೆಂಪು ಹೂವಿನ ಗಿಡ ನೇರಳೆಯಾಯಿತು ಎನ್ನುವವರಿಗೆ: ಗಿಡ ಬದಲಾಗಿಲ್ಲ. ಉದುರಿದ ಬೀಜ ಮೊಳೆತಿದೆ. ತಳಿಯ ಬೀಜದಲ್ಲಿ ತಾಯಿಯ ಬಣ್ಣ ಬರುವ ಭರವಸೆ ಇಲ್ಲ. ಗಟ್ಟಿಮುಟ್ಟಾದ ಮರಿ ತಾಯಿಯನ್ನೇ ಒತ್ತರಿಸಿದೆ. ಹೂವು ಬಾಡಿದ ಕೂಡಲೇ ತಲೆ ಕತ್ತರಿಸಿ, ನೇರಳೆಯದನ್ನು ಈಗಲೇ ಗುರುತು ಮಾಡಿ ಕೀಳಿ. ಮಾಗಿದ ಮೇಲೆ ಯಾವುದು ಯಾವುದೋ ಗೊತ್ತಾಗುವುದಿಲ್ಲ.

ಚಳಿಗಾಲ ಕಳೆದರೂ ಏಳಲಿಲ್ಲ

ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿ ಸತ್ತ ಹಾಗೆ ಕಾಣುವುದು ಸಹಜ. ಬೇರು ಮಲಗಿರುತ್ತದೆ. ಗುದ್ದಲಿ ಹಾಕುವ ಮೊದಲು ಬೆರಳಲ್ಲಿ ಮೇಲ್ಮಣ್ಣು ಕೆದಕಿ. ಕೆನ್ನೇರಳೆ ಬಣ್ಣದ ಮೊಗ್ಗಿನಂಥ ಚಿಗುರು ಸಿಕ್ಕಿದರೆ ಮುಚ್ಚಿ ಸುಮ್ಮನಿರಿ. ಬೇರು ಮುರಿದರೆ ಒಳಗೆ ಬಿಳಿಯಾಗಿ ಗಟ್ಟಿಯಾಗಿದ್ದರೂ ಕಾಯಬಹುದು. ಒತ್ತಿದಾಗ ಮೆತ್ತಗೆ ಕುಸಿದು ವಾಸನೆ ಬಂದರೆ ಗಿಡ ಹೋಗಿದೆ.

ಹೋಗಿದ್ದರೂ ಚಳಿಯನ್ನು ದೂರಬೇಡಿ. ಈ ಗಿಡ ಮೈನಸ್ 30 ಡಿಗ್ರಿ ಸುಮಾರಿನ ಚಳಿಯನ್ನೂ ನೆಲದಲ್ಲಿ ತಡೆಯುತ್ತದೆ. ಕೊಲ್ಲುವುದು ಚಳಿಯ ಜೊತೆ ನಿಂತ ನೀರು. ಬುಡಕ್ಕೆ ಒತ್ತರಿಸಿ ಹಾಕಿದ ದಪ್ಪ ಹೊದಿಕೆಯೂ ಅದೇ ಕೆಲಸ ಮಾಡುತ್ತದೆ. ಕುಂಡದ ಗಿಡಕ್ಕೆ ಮಾತ್ರ ಚಳಿ ನಾಲ್ಕೂ ಕಡೆಯಿಂದ ತಾಗುತ್ತದೆ, ಅದನ್ನು ಗೋಡೆಯ ಮಗ್ಗುಲಿಗೆ ಸರಿಸಿ.

ಒಣ ಕಾಂಡಗಳನ್ನು ಏನು ಮಾಡುವುದು ಎಂಬುದರಲ್ಲಿ ಎರಡು ಮಾತಿದೆ. ಟೊಳ್ಳು ಕಾಂಡದಲ್ಲಿ ಒಂಟಿ ಜೇನ್ನೊಣಗಳು ಗೂಡು ಕಟ್ಟುತ್ತವೆ, ಹಾಗಾಗಿ ಗೇಣೆರಡು ಗೇಣು ಬಿಟ್ಟು ಕತ್ತರಿಸಿ ಅನ್ನುತ್ತಾರೆ. ಬೂದಿ ಹಿಡಿದ ಕಸ ಮುಂದಿನ ವರ್ಷದ ರೋಗದ ಬೀಜ, ಹಾಗಾಗಿ ಬುಡಕ್ಕೆ ಕತ್ತರಿಸಿ ಅಂತಲೂ ಅನ್ನುತ್ತಾರೆ. ನಾನು ಆ ವರ್ಷದ ಗಿಡ ನೋಡಿ ನಿರ್ಧರಿಸುತ್ತೇನೆ. ಸ್ವಚ್ಛವಾಗಿದ್ದರೆ ಮೋಟು ಬಿಡುತ್ತೇನೆ, ಬೂದಿ ಜೋರಾಗಿದ್ದರೆ ಎಲೆಯನ್ನೂ ಗುಡಿಸಿ ತೆಗೆಯುತ್ತೇನೆ.

ಇನ್ನು ಚಳಿಗಾಲವೇ ಇಲ್ಲದ, ವರ್ಷವಿಡೀ ಬೆಚ್ಚಗೆ ಜಿಗಿಜಿಗಿ ಅನ್ನುವ ಕಡೆ ಕೆಂಪು ಡಿಡಿಮಾ ವರ್ಷದಿಂದ ವರ್ಷಕ್ಕೆ ಸಣಕಲಾಗುತ್ತಾ ಹೋಗುತ್ತದೆ. ಅದಕ್ಕೆ ಬೇಕಾದ ತಂಪಿನ ನಿದ್ದೆ ಅಲ್ಲಿ ಸಿಗುವುದಿಲ್ಲ. ಅಲ್ಲಿ ಸೆಖೆ ತಡೆಯುವ ಮೊನಾರ್ಡಾ ಪಂಕ್ಟಾಟಾ ಹಾಕಿ ನೋಡಿ. ಮರಳು ಮಣ್ಣು ಬೇಕು, ಆಯಸ್ಸು ಕಡಿಮೆ, ಆದರೆ ತಾನೇ ಬೀಜ ಉದುರಿಸಿ ಮತ್ತೆ ಹುಟ್ಟುತ್ತದೆ. ಇಲ್ಲವೇ ನಿಂಬೆ ವಾಸನೆಯ ಮೊನಾರ್ಡಾ ಸಿಟ್ರಿಯೊಡೋರಾವನ್ನು ಪ್ರತಿ ವರ್ಷ ಬಿತ್ತಿ. ಬೀಜ ಸಣ್ಣದು, ಮೊಳೆಯಲು ಬೆಳಕು ಬೇಕು. ಮಣ್ಣಿನ ಮೇಲೆ ಉದುರಿಸಿ ಅಂಗೈಯಲ್ಲಿ ಒತ್ತಿ ಬಿಡಿ, ಮುಚ್ಚಬೇಡಿ.